ಕಪ್ಪುಕುಳಿಗೆ ಎಸೆದ ದಿನಪತ್ರಿಕೆಯ ಸುದ್ದಿ ಎಲ್ಲಿಗೆ ಹೋಗುತ್ತದೆ?

ಹಾಸನದ ಉಪನ್ಯಾಸಕ:
ಕಳೆದ ವಾರ ಪ್ರಥಮ ಪಿಯುಸಿ ತರಗತಿಯಲ್ಲಿ ಉಷ್ಣಗತಿ ವಿಜ್ಞಾನದ ಎರಡನೆಯ ನಿಯಮದ ಪಾಠ ಮುಗಿದು ಹತ್ತು ನಿಮಿಷ ಉಳಿದಿತ್ತು. ಆ ಬಿಡುವಿನಲ್ಲಿ ಕಪ್ಪುಕುಳಿಗಳಿಗೂ (ಬೆಳಕೂ ಪಾರಾಗದ ಬ್ಲ್ಯಾಕ್ ಹೋಲ್‌ಗಳಿಗೂ) ಎಂಟ್ರೊಪಿ, ಅಂದರೆ ಒಳಗಿನದು ಎಷ್ಟು ಬಗೆಯಲ್ಲಿ ಜೋಡಣೆಗೊಂಡಿರಬಹುದೆಂಬ ಅಳತೆ, ಇದೆ, ಉಷ್ಣತೆ ಇದೆ, ಅವು ಬಹಳ ನಿಧಾನವಾಗಿ ಆವಿಯಾಗುತ್ತವೆ ಎಂದು ಹೇಳಿ, ಒಳಗೆ ಬಿದ್ದ ವಸ್ತುವಿನ ಮಾಹಿತಿ ನಾಶವಾಗುತ್ತದೆಯೇ ಇಲ್ಲವೇ ಎಂಬ ವಿವಾದ ಐವತ್ತು ವರ್ಷಗಳಿಂದ ನಡೆದಿದೆ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನಿನ್ನೆಯ ಪೇಪರನ್ನು ಒಲೆಗೆ ಹಾಕಿದರೂ ಸುದ್ದಿ ಹೋಯಿತು, ಕಪ್ಪುಕುಳಿಗೆ ಎಸೆದರೂ ಹೋಯಿತು. ಒಲೆಯ ಬಗ್ಗೆ ಯಾರೂ ಐವತ್ತು ವರ್ಷ ಜಗಳವಾಡಲಿಲ್ಲವಲ್ಲ?" ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆ. ಉತ್ತರ ಹೇಳುವಷ್ಟರಲ್ಲಿ ಗಂಟೆ ಹೊಡೆದದ್ದು ನನ್ನ ಪುಣ್ಯ. ಸೋಮವಾರ ಅವಳಿಗೆ ಏನಾದರೂ ಹೇಳಲೇಬೇಕು. ತಿಳಿದವರು ದಯವಿಟ್ಟು ನೆರವಾಗಬೇಕು. "ಅದು ಬಹಳ ಕಠಿಣವಾದ ಗಣಿತ" ಎಂಬ ಉತ್ತರ ಬೇಡ, ಅದನ್ನು ನಾನೇ ಕೊಡಬಲ್ಲೆ.

ತಂತುವಾದ್ಯ:
ಸರ್, ಆ ಹುಡುಗಿಯ ಪ್ರಶ್ನೆಯೇ ವಿವಾದದ ತಿರುಳು. ಒಲೆಗೆ ಹಾಕಿದ ಪತ್ರಿಕೆಯ ಸುದ್ದಿ ನಾಶವಾಗುವುದಿಲ್ಲ, ನಮ್ಮ ಕೈಗೆ ಸಿಗದಂತೆ ಚದುರಿಹೋಗುತ್ತದೆ, ಅಷ್ಟೇ. ಹೊಗೆಯ ಪ್ರತಿಯೊಂದು ಕಣ, ಬೂದಿಯ ಪ್ರತಿಯೊಂದು ಅಣು, ಜ್ವಾಲೆಯಿಂದ ಹೊರಟ ಪ್ರತಿಯೊಂದು ಫೋಟಾನಿನ (ಬೆಳಕಿನ ಕಣದ) ಕ್ವಾಂಟಂ ಸ್ಥಿತಿಯನ್ನು ಒಟ್ಟಾಗಿ ಅಳೆಯಬಲ್ಲವರು ಯಾರಾದರೂ ಇದ್ದರೆ, ಅವರು ಗಣಿತವನ್ನು ಹಿಮ್ಮುಖವಾಗಿ ನಡೆಸಿ ಮುಖಪುಟದ ತಲೆಬರಹವನ್ನು ಓದಬಹುದು. ಎರಡು ಬೇರೆ ಬೇರೆ ಆರಂಭ ಸ್ಥಿತಿಗಳು ಎಂದಿಗೂ ಒಂದೇ ಅಂತಿಮ ಸ್ಥಿತಿಗೆ ಬಂದು ಸೇರುವುದಿಲ್ಲ ಎಂಬುದು ಕ್ವಾಂಟಂ ಸಿದ್ಧಾಂತದ ಅಡಿಪಾಯ.

ಕಪ್ಪುಕುಳಿಯಲ್ಲಿ ಈ ಅಡಿಪಾಯವೇ ಅಲುಗಾಡಿತು. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 1974ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಕಪ್ಪುಕುಳಿಯಿಂದ ಹೊರಡುವುದು ಶುದ್ಧ ಉಷ್ಣ ವಿಕಿರಣ. ಅದರ ಸ್ವರೂಪವನ್ನು ನಿರ್ಧರಿಸುವುದು ಕುಳಿಯ ದ್ರವ್ಯರಾಶಿ, ವಿದ್ಯುದಾವೇಶ ಮತ್ತು ತಿರುಗುವಿಕೆ ಮಾತ್ರ. ಒಳಗೆ ಬಿದ್ದದ್ದು ಕನ್ನಡ ಪತ್ರಿಕೆಯೋ ಅದೇ ತೂಕದ ಕಲ್ಲಿದ್ದಲೋ ಎಂಬ ಗುರುತು ಆ ವಿಕಿರಣದಲ್ಲಿಲ್ಲ. ಕುಳಿ ಪೂರ್ತಿ ಆವಿಯಾದ ಮೇಲೆ ಉಳಿಯುವುದು ಆ ವಿಕಿರಣ ಮಾತ್ರ ಎಂದಾದರೆ ಎರಡು ಬೇರೆ ಆರಂಭಗಳು ಒಂದೇ ಅಂತ್ಯವನ್ನು ಮುಟ್ಟಿದಂತಾಯಿತು. ಹಾಗಾದರೆ ಕ್ವಾಂಟಂ ಸಿದ್ಧಾಂತವನ್ನೇ ತಿದ್ದಬೇಕೆಂದು 1976ರಲ್ಲಿ ಹಾಕಿಂಗ್ ವಾದಿಸಿದರು. ಒಲೆಯ ಬಗ್ಗೆ ಜಗಳವಿಲ್ಲದಿರುವುದಕ್ಕೆ ಕಾರಣ, ಒಲೆಯ ವಿಕಿರಣ ಉಷ್ಣ ವಿಕಿರಣದಂತೆ ಕಂಡರೂ ಪೂರ್ತಿಯಾಗಿ ಹಾಗಿಲ್ಲ ಎಂಬುದು ನಮಗೆ ಗೊತ್ತಿದೆ. ಕುಳಿಯ ವಿಕಿರಣದ ಬಗ್ಗೆ ಹಾಗೆ ಹೇಳಲು ಲೆಕ್ಕದಲ್ಲಿ ಎಡೆಯೇ ಕಾಣಲಿಲ್ಲ.

ನಿವೃತ್ತ ಮೇಷ್ಟ್ರು:
ಅಂಕಿಗಳನ್ನು ಮುಂದಿಟ್ಟರೆ ಮಕ್ಕಳಿಗೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಸೂರ್ಯನಷ್ಟು ದ್ರವ್ಯರಾಶಿಯ ಕಪ್ಪುಕುಳಿಯ ತ್ರಿಜ್ಯ ಸುಮಾರು 3 ಕಿಲೋಮೀಟರ್. ಅದರ ಉಷ್ಣತೆ ಒಂದು ಕೆಲ್ವಿನ್‌ನ ಹತ್ತು ಕೋಟಿಯಲ್ಲಿ ಆರು ಭಾಗ ಮಾತ್ರ. ವಿಶ್ವವನ್ನು ತುಂಬಿರುವ ಹಿನ್ನೆಲೆ ವಿಕಿರಣದ ಉಷ್ಣತೆ 2.7 ಕೆಲ್ವಿನ್ ಆಗಿರುವುದರಿಂದ ಇಂದು ಅಂತಹ ಕುಳಿ ಕಳೆದುಕೊಳ್ಳುವುದಕ್ಕಿಂತ ಹೆಚ್ಚನ್ನು ನುಂಗುತ್ತದೆ. ಸುತ್ತಲೂ ಏನೂ ಇಲ್ಲವೆಂದು ಭಾವಿಸಿದರೂ ಅದು ಆವಿಯಾಗಲು 10ರ 67ನೆಯ ಘಾತದಷ್ಟು ವರ್ಷಗಳು ಬೇಕು. ವಿಶ್ವದ ವಯಸ್ಸು 1,380 ಕೋಟಿ ವರ್ಷ.

ಎಂಟ್ರೊಪಿಯ ಮಾತು ಇನ್ನೂ ವಿಚಿತ್ರ. ಅದು ಕುಳಿಯ ಘನಗಾತ್ರಕ್ಕಲ್ಲ, ಘಟನಾ ದಿಗಂತದ, ಅಂದರೆ ದಾಟಿದ ಮೇಲೆ ಹಿಂದಿರುಗಲಾಗದ ಗಡಿಯ, ವಿಸ್ತೀರ್ಣಕ್ಕೆ ಅನುಗುಣವಾಗಿರುತ್ತದೆಂದು 1970ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ಬೆಕೆನ್‌ಸ್ಟೈನ್ ಹೇಳಿದಾಗ ಹಾಕಿಂಗ್ ಅವರೇ ಒಪ್ಪಿರಲಿಲ್ಲ. ಅದನ್ನು ಅಲ್ಲಗಳೆಯಲು ಹೊರಟವರು ಕೊನೆಗೆ ಅದನ್ನೇ ಸಾಧಿಸಿ ಕೊಟ್ಟರು. ಸೂರ್ಯನ ಎಂಟ್ರೊಪಿ 10ರ 58ನೆಯ ಘಾತದ ಆಸುಪಾಸಿನಲ್ಲಿದ್ದರೆ, ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿಯದು 10ರ 77ನೆಯ ಘಾತ. ನಮ್ಮ ಕಾಲದಲ್ಲಿ ಎಂಟ್ರೊಪಿ ಎಂದರೆ ಪಾತ್ರೆಯೊಳಗಿನ ಅನಿಲದ ಲೆಕ್ಕ, ಪಾತ್ರೆ ದೊಡ್ಡದಾದಷ್ಟೂ ಹೆಚ್ಚು ಎಂದು ಕಲಿಸುತ್ತಿದ್ದೆವು. ಒಳಗಿನದೆಲ್ಲದರ ಲೆಕ್ಕ ಪಾತ್ರೆಯ ಮೈಮೇಲಿದೆ ಎಂದರೆ ಯಾರಾದರೂ ಬೆಚ್ಚಬೇಕಾದದ್ದೇ.

ದಿಗಂತ:
ಸೋಮವಾರದ ಪಾಠಕ್ಕೆ ಒಂದು ಎಚ್ಚರಿಕೆ. ಶೂನ್ಯದಲ್ಲಿ ಕಣಗಳ ಜೋಡಿ ಹುಟ್ಟಿ, ಒಂದು ಒಳಗೆ ಬಿದ್ದು ಇನ್ನೊಂದು ಪಾರಾಗುತ್ತದೆ ಎಂಬ ಜನಪ್ರಿಯ ಚಿತ್ರವನ್ನು ದಯವಿಟ್ಟು ಅಕ್ಷರಶಃ ಹೇಳಬೇಡಿ. ಹಾಕಿಂಗ್ ತಮ್ಮ ಪ್ರಬಂಧದಲ್ಲೇ ಅದನ್ನು ಬರಿಯ ಸೂಚನೆಯಾಗಿ ಕೊಟ್ಟಿದ್ದರು, ಅವರ ಲೆಕ್ಕ ನಡೆದದ್ದು ಬೇರೆ ದಾರಿಯಲ್ಲಿ. ಆ ಫೋಟಾನುಗಳ ತರಂಗದೂರ ಕುಳಿಯ ಗಾತ್ರಕ್ಕಿಂತಲೂ ದೊಡ್ಡದು. ದಿಗಂತದ ಅಂಚಿನಲ್ಲಿ ಚುಕ್ಕೆಯಂತೆ ಹುಟ್ಟಿತು ಎನ್ನುವುದಕ್ಕೆ ಅರ್ಥವಿಲ್ಲ.

ಆ ಚಿತ್ರದಲ್ಲಿ ಉಳಿಸಿಕೊಳ್ಳಬೇಕಾದ ಒಂದು ಸತ್ಯವಿದೆ. ದಿಗಂತದ ಹೊರಗಿನ ವಿಕಿರಣವೂ ಒಳಗಿನ ಕ್ಷೇತ್ರವೂ ಪರಸ್ಪರ ಹೆಣೆದುಕೊಂಡಿರುತ್ತವೆ. ಎಂಟ್ಯಾಂಗಲ್‌ಮೆಂಟ್ ಎಂಬುದಕ್ಕೆ ಕೆಲವರು ತೊಡಕು ಎಂದೂ ಸಿಕ್ಕು ಎಂದೂ ಬರೆಯುತ್ತಾರೆ. ಸಿಕ್ಕು ಬಿಡಿಸಬೇಕಾದದ್ದು, ಹೆಣಿಗೆ ಉಳಿಸಿಕೊಳ್ಳಬೇಕಾದದ್ದು, ಆದ್ದರಿಂದ ನಾನು ಹೆಣಿಗೆ ಎನ್ನುತ್ತೇನೆ. ಹೆಣೆದ ಎರಡು ವ್ಯವಸ್ಥೆಗಳನ್ನು ಒಟ್ಟಿಗೆ ನೋಡಿದರೆ ಅವುಗಳ ಸ್ಥಿತಿ ಸಂಪೂರ್ಣವಾಗಿ ಗೊತ್ತಿರುತ್ತದೆ, ಒಂದನ್ನೇ ನೋಡಿದರೆ ಏನೂ ಗೊತ್ತಿರುವುದಿಲ್ಲ. ಹೊರಗೆ ಬರುವ ಪ್ರತಿಯೊಂದು ಫೋಟಾನೂ ಒಳಗಿನ ಜೊತೆಗಾರನೊಂದಿಗೆ ಹೆಣೆದುಕೊಂಡಿರುವುದರಿಂದಲೇ ಹೊರಗಿನವರಿಗೆ ಅದು ಬರಿಯ ಕಾವಾಗಿ ಕಾಣುತ್ತದೆ. ಕುಳಿ ಚಿಕ್ಕದಾಗುತ್ತಾ ಹೋದಂತೆ ಈ ಹೆಣಿಗೆಯ ಮೊತ್ತ ಏರುತ್ತಲೇ ಹೋಗಬೇಕೆಂದು ಹಾಕಿಂಗ್ ಲೆಕ್ಕ ಹೇಳುತ್ತದೆ. ಆದರೆ ಅಷ್ಟು ಹೆಣಿಗೆಯನ್ನು ಹಿಡಿದಿಡುವ ಜಾಗ ಚಿಕ್ಕ ಕುಳಿಯಲ್ಲಿ ಎಲ್ಲಿದೆ? ವಿಸ್ತೀರ್ಣ ಕುಗ್ಗುತ್ತಿದೆಯಲ್ಲ!

ಲೆಕ್ಕಿಗ:
ಭೌತವಿಜ್ಞಾನಿ ಡಾನ್ ಪೇಜ್ 1993ರಲ್ಲಿ ಪ್ರಕಟಿಸಿದ ಸೂತ್ರವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಬಹುದು. ಹತ್ತು ಕ್ಯೂಬಿಟ್‌ಗಳ, ಅಂದರೆ ಕ್ವಾಂಟಂ ಮಾಹಿತಿಯ ಚಿಕ್ಕ ಘಟಕಗಳ, ಒಂದು ವ್ಯವಸ್ಥೆ ಇದೆ ಎಂದುಕೊಳ್ಳಿ, ಅದರ ಒಟ್ಟು ಸ್ಥಿತಿ ಯಾದೃಚ್ಛಿಕವಾಗಿ ಆರಿಸಿದ್ದು, ಆದರೆ ಶುದ್ಧ ಸ್ಥಿತಿ, ಅಂದರೆ ಒಟ್ಟಾಗಿ ನೋಡಿದರೆ ಪೂರ್ತಿ ಗೊತ್ತಿರುವಂಥದ್ದು. ಹತ್ತು ಪುಟಗಳ ಪುಸ್ತಕದಂತೆ ಒಂದೊಂದೇ ಕ್ಯೂಬಿಟ್ ನಿಮ್ಮ ಕೈಗೆ ಬರುತ್ತದೆ. ಮೂರು ಬಂದಾಗ ಅವುಗಳಿಂದ ಸಿಗುವ ಮಾಹಿತಿ ಸರಾಸರಿ 0.045 ಬಿಟ್. ಅರ್ಧ ಪುಸ್ತಕ, ಅಂದರೆ ಐದು ಬಂದಾಗ, 0.72 ಬಿಟ್. ಏಳು ಬಂದಾಗ ಥಟ್ಟನೆ 4.05 ಬಿಟ್. ಹತ್ತೂ ಬಂದಾಗ ಹತ್ತು. ಅಂದರೆ ಮೊದಲ ಅರ್ಧವನ್ನು ಎಷ್ಟು ತಿರುವಿಹಾಕಿದರೂ ಅದು ಅಕ್ಷರಗಳ ರಾಶಿ ಮಾತ್ರ, ಅರ್ಧ ದಾಟಿದ ಮೇಲೆ ಬರುವ ಪ್ರತಿ ಪುಟವೂ ಹಿಂದಿನ ಪುಟಗಳೊಂದಿಗೆ ಸೇರಿ ಎರಡೆರಡು ಬಿಟ್‌ಗಳಂತೆ ಅರ್ಥ ಬಿಟ್ಟುಕೊಡುತ್ತದೆ.

ಉರಿಯುವ ಇದ್ದಿಲೂ ಹೀಗೆಯೇ. ಮೊದಲು ಹೊರಟ ಫೋಟಾನುಗಳು ಇನ್ನೂ ಉರಿಯುತ್ತಿರುವ ಕೆಂಡದೊಂದಿಗೆ ಹೆಣೆದುಕೊಂಡಿರುತ್ತವೆ, ನಂತರ ಹೊರಡುವವು ಮೊದಲಿನವುಗಳೊಂದಿಗೆ. ವಿಕಿರಣದ ಹೆಣಿಗೆ ಎಂಟ್ರೊಪಿಯನ್ನು, ಅಂದರೆ ಅದು ಉಳಿದದ್ದರೊಂದಿಗೆ ಎಷ್ಟು ಹೆಣೆದುಕೊಂಡಿದೆ ಎಂಬ ಅಳತೆಯನ್ನು, ಕಾಲದೊಂದಿಗೆ ಗೀಚಿದರೆ ಏರಿ, ಮಧ್ಯದಲ್ಲಿ ತಿರುಗಿ, ಸೊನ್ನೆಗೆ ಇಳಿಯುವ ಗುಡ್ಡದ ಆಕಾರ ಬರುತ್ತದೆ. ಇದನ್ನು ಪೇಜ್ ರೇಖೆ ಎನ್ನುತ್ತಾರೆ. ಹಾಕಿಂಗ್ ಲೆಕ್ಕದಲ್ಲಿ ಇಳಿಜಾರೇ ಇಲ್ಲ, ಏರು ಮಾತ್ರ. ಉಪನ್ಯಾಸಕರೇ, ನಿಮ್ಮ ವಿದ್ಯಾರ್ಥಿನಿಗೆ ಆ ಎರಡು ಗೆರೆಗಳನ್ನು ಬಿಡಿಸಿ ತೋರಿಸಿದರೆ ಸಾಕು.

ಹಾಸನದ ಉಪನ್ಯಾಸಕ:
ಲೆಕ್ಕಿಗರೇ, ಹತ್ತು ಪುಟಗಳ ಪುಸ್ತಕ ತರಗತಿಗೆ ಹೇಳಿ ಮಾಡಿಸಿದಂತಿದೆ. ನನ್ನ ಅನುಮಾನ ಒಂದೇ. ಹಾಕಿಂಗ್ ಲೆಕ್ಕ ಅಂದಾಜಿನದು, ಅದರಲ್ಲಿ ಸಣ್ಣಪುಟ್ಟ ತಿದ್ದುಪಡಿಗಳು ಬಿಟ್ಟುಹೋಗಿರಬಹುದು. ಕೋಟ್ಯಂತರ ಫೋಟಾನುಗಳಲ್ಲಿ ತಲಾ ಒಂದು ಚೂರು ತಿದ್ದುಪಡಿ ಸೇರಿ ಗೆರೆ ತಾನಾಗಿ ಬಾಗಬಾರದೇಕೆ?

ದಿಗಂತ:
ಬಹಳ ಕಾಲ ಹಲವರು ಹಾಗೆಯೇ ನಂಬಿದ್ದರು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಮೀರ್ ಮಾಥುರ್ 2009ರಲ್ಲಿ ಆ ನಂಬಿಕೆಗೆ ಕೊಡಲಿ ಹಾಕಿದರು. ದಿಗಂತದ ಬಳಿ ಪ್ರತಿ ಜೋಡಿಯಲ್ಲೂ ತಿದ್ದುಪಡಿ ಚಿಕ್ಕದಾಗಿಯೇ ಉಳಿದರೆ, ಹೆಣಿಗೆ ಎಂಟ್ರೊಪಿ ಪ್ರತಿ ಹೆಜ್ಜೆಯಲ್ಲೂ ಏರಲೇಬೇಕೆಂದು ಅವರು ತೋರಿಸಿದರು. ಗೆರೆ ಬಾಗಬೇಕಾದರೆ ದಿಗಂತದಲ್ಲಿ ಏನೋ ದೊಡ್ಡದೇ ಬದಲಾಗಬೇಕು.

2012ರಲ್ಲಿ ಅಲ್ಮಹೇರಿ, ಮಾರಾಲ್ಫ್, ಪೋಲ್ಚಿನ್‌ಸ್ಕಿ ಮತ್ತು ಸಲ್ಲಿ ಎಂಬ ನಾಲ್ವರು ಇದನ್ನು ಇನ್ನಷ್ಟು ಚೂಪಾಗಿಸಿದರು. ಹೆಣಿಗೆಗೆ ಏಕನಿಷ್ಠೆಯ ಗುಣವಿದೆ: ಒಂದು ಕ್ಯೂಬಿಟ್ ಇನ್ನೊಂದರೊಂದಿಗೆ ಪೂರ್ತಿ ಹೆಣೆದುಕೊಂಡಿದ್ದರೆ ಮೂರನೆಯದರೊಂದಿಗೆ ಎಳ್ಳಷ್ಟೂ ಹೆಣೆದುಕೊಳ್ಳಲಾರದು. ಅರ್ಧ ಆಯುಷ್ಯ ಕಳೆದ ಕುಳಿಯಿಂದ ಈಗ ಹೊರಟ ಫೋಟಾನು, ಪೇಜ್ ರೇಖೆ ಬಾಗಬೇಕಾದರೆ, ಹಿಂದೆ ಹೊರಟ ವಿಕಿರಣದೊಂದಿಗೆ ಹೆಣೆದುಕೊಂಡಿರಬೇಕು. ದಿಗಂತವನ್ನು ದಾಟುವವರಿಗೆ ಅಲ್ಲಿ ಶೂನ್ಯವಲ್ಲದೆ ಬೇರೇನೂ ಕಾಣಬಾರದೆಂಬ ಐನ್‌ಸ್ಟೈನರ ನಿಯಮ ನಿಲ್ಲಬೇಕಾದರೆ, ಅದೇ ಫೋಟಾನು ಒಳಗಿನ ಜೊತೆಗಾರನೊಂದಿಗೂ ಹೆಣೆದುಕೊಂಡಿರಬೇಕು. ಎರಡೂ ಒಟ್ಟಿಗೆ ಆಗದು. ಒಳಗಿನ ಹೆಣಿಗೆಯನ್ನು ಕತ್ತರಿಸಿದರೆ ದಿಗಂತದಲ್ಲಿ ಅಪಾರ ಶಕ್ತಿ ಶೇಖರವಾಗಿ, ಬೀಳುವವರನ್ನು ಅಲ್ಲಿಯೇ ಸುಡುವ ಬೆಂಕಿಯ ಗೋಡೆಯಾಗುತ್ತದೆ. ಆ ನಾಲ್ವರು ಗೋಡೆಯನ್ನೇ ಅತ್ಯಂತ ಸಂಪ್ರದಾಯಬದ್ಧವಾದ ಪರಿಹಾರವೆಂದು ಮುಂದಿಟ್ಟರು ಎಂಬುದನ್ನು ನೆನೆದರೆ ಪರಿಸ್ಥಿತಿ ಎಷ್ಟು ಹದಗೆಟ್ಟಿತ್ತೆಂದು ತಿಳಿಯುತ್ತದೆ.

ತಂತುವಾದ್ಯ:
ದಿಗಂತ ಅವರು ಕಥೆಯನ್ನು 2012ಕ್ಕೇ ನಿಲ್ಲಿಸಿದ್ದಾರೆ. ಉತ್ತರ 2019ರಲ್ಲಿ ಬಂದಿದೆ ಎಂದು ನನ್ನ ಅಭಿಪ್ರಾಯ.

ಅದರ ಬೇರು ಸ್ವಲ್ಪ ಹಿಂದಿದೆ. ಗುರುತ್ವವಿರುವ ಒಂದು ಜಗತ್ತೂ, ಅದರ ಅಂಚಿನ ಮೇಲೆ ವಾಸಿಸುವ, ಗುರುತ್ವವೇ ಇಲ್ಲದ ಒಂದು ಕ್ವಾಂಟಂ ಸಿದ್ಧಾಂತವೂ ಒಂದೇ ವಸ್ತುವಿನ ಎರಡು ವಿವರಣೆಗಳೆಂದು 1997ರಲ್ಲಿ ಮಾಲ್ಡಸೇನಾ ಪ್ರತಿಪಾದಿಸಿದರು. ಮಾಹಿತಿ ಉಳಿಯುತ್ತದೆ ಎಂಬ ನಂಬಿಕೆ ಗಟ್ಟಿಯಾದದ್ದು ಅಲ್ಲಿಂದ. 2004ರಲ್ಲಿ ಡಬ್ಲಿನ್ ಸಮ್ಮೇಳನದಲ್ಲಿ ಹಾಕಿಂಗ್, ಮಾಹಿತಿ ನಾಶವಾಗುತ್ತದೆಂದು ತಾವು ಭೌತವಿಜ್ಞಾನಿ ಪ್ರೆಸ್ಕಿಲ್ ಅವರೊಂದಿಗೆ ಕಟ್ಟಿದ್ದ ಪಂದ್ಯವನ್ನು ಸೋತೆನೆಂದು ಒಪ್ಪಿ ಬೇಸ್‌ಬಾಲ್ ವಿಶ್ವಕೋಶವೊಂದನ್ನು ಕೊಟ್ಟರು. 2006ರಲ್ಲಿ ರ್‍ಯೂ ಮತ್ತು ತಕಯನಾಗಿ, ಅಂಚಿನ ಸಿದ್ಧಾಂತದ ಒಂದು ಭಾಗದ ಹೆಣಿಗೆ ಎಂಟ್ರೊಪಿಯು ಒಳಗಿನ ಜಗತ್ತಿನಲ್ಲಿ ಎಳೆದ ಅತಿ ಚಿಕ್ಕ ಮೇಲ್ಮೈಯ ವಿಸ್ತೀರ್ಣಕ್ಕೆ ಅನುಗುಣ ಎಂಬ ಸೂತ್ರವನ್ನು ಕಂಡರು. ಬೆಕೆನ್‌ಸ್ಟೈನರ ವಿಸ್ತೀರ್ಣ ಇಲ್ಲಿ ಮತ್ತೆ ತಲೆಯೆತ್ತಿತು, ಈ ಸಲ ಕಪ್ಪುಕುಳಿ ಇಲ್ಲದೆಯೇ. ಅಂಚಿನ ಎರಡು ಭಾಗಗಳ ನಡುವಿನ ಹೆಣಿಗೆಯನ್ನು ಕಡಿಮೆ ಮಾಡುತ್ತಾ ಹೋದರೆ ಒಳಗಿನ ಜಾಗ ತೆಳುವಾಗುತ್ತಾ ಕೊನೆಗೆ ಎರಡಾಗಿ ಹರಿದುಹೋಗುತ್ತದೆಂದು 2010ರಲ್ಲಿ ವ್ಯಾನ್ ರಾಮ್ಸ್‌ಡಾಂಕ್ ವಾದಿಸಿದರು. ನೇಯ್ಗೆಯ ಊರಿನವನಾದ ನನಗೆ ಈ ಮಾತು ಬೇಗ ಅರ್ಥವಾಯಿತು. ನೂಲನ್ನು ಎಳೆದುಹಾಕಿದ ಮೇಲೆ ಬಟ್ಟೆ ಉಳಿಯುವುದಿಲ್ಲ.

2019ರ ಮೇ ತಿಂಗಳಲ್ಲಿ ಪೆನಿಂಗ್ಟನ್ ಒಬ್ಬರೇ, ಮತ್ತು ಅವರಿಂದ ಸ್ವತಂತ್ರವಾಗಿ ಅಲ್ಮಹೇರಿ, ಎಂಗಲ್‌ಹಾರ್ಟ್, ಮಾರಾಲ್ಫ್, ಮ್ಯಾಕ್ಸ್‌ಫೀಲ್ಡ್ ಎಂಬ ನಾಲ್ವರು ಈ ಸೂತ್ರದ ಕ್ವಾಂಟಂ ರೂಪವನ್ನು ಆವಿಯಾಗುವ ಕುಳಿಗೆ ಅನ್ವಯಿಸಿದರು. ಅರ್ಧ ದಾರಿಯ ನಂತರ ಸೂತ್ರವು ಕುಳಿಯ ಒಳಭಾಗದ ಒಂದು ಪ್ರದೇಶವನ್ನು ವಿಕಿರಣದ ಪಾಲಿಗೆ ಸೇರಿಸುತ್ತದೆ. ಹೊರಗಿನ ಕಡಲಿಗೆ ಸೇರಿದ ದ್ವೀಪದಂತೆ ಅದು ಒಳಗಿರುತ್ತದೆ. ಒಳಗಿನ ಜೊತೆಗಾರ ಹಳೆಯ ವಿಕಿರಣದ್ದೇ ಭಾಗವಾದಾಗ ಏಕನಿಷ್ಠೆಗೆ ಭಂಗವೂ ಇಲ್ಲ, ಬೆಂಕಿಯ ಗೋಡೆಯೂ ಬೇಡ, ಗೆರೆ ಬಾಗುತ್ತದೆ. ಹಾಕಿಂಗ್ ಲೆಕ್ಕ ತಪ್ಪಾಗಿರಲಿಲ್ಲ, ಎಂಟ್ರೊಪಿಯನ್ನು ಎಣಿಸುವ ಸೂತ್ರ ಅಪೂರ್ಣವಾಗಿತ್ತು.

ದಿಗಂತ:
ಈ ಕೊನೆಯ ತೀರ್ಮಾನವನ್ನು ನಾನು ಒಪ್ಪುವುದಿಲ್ಲ, ಒಪ್ಪದವರಲ್ಲಿ ಬೆಂಗಳೂರಿನವರೂ ಇದ್ದಾರೆ. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಸೈದ್ಧಾಂತಿಕ ವಿಜ್ಞಾನ ಸಂಸ್ಥೆ ಐಸಿಟಿಎಸ್‌ನ ಸುವ್ರತ್ ರಾಜು ಮತ್ತು ಅವರ ಸಹೋದ್ಯೋಗಿಗಳು ಎತ್ತಿರುವ ಆಕ್ಷೇಪ ಸರಳವಾಗಿ ಹೀಗಿದೆ. ದ್ವೀಪದ ಲೆಕ್ಕಗಳಲ್ಲಿ ಕಪ್ಪುಕುಳಿಯ ಜಗತ್ತಿಗೆ ಗುರುತ್ವವಿಲ್ಲದ ಒಂದು ತೊಟ್ಟಿಯನ್ನು ಜೋಡಿಸಿ, ವಿಕಿರಣವನ್ನು ಅದರೊಳಗೆ ಹರಿಯಬಿಡುತ್ತಾರೆ. ಹಾಗೆ ಜೋಡಿಸಿದ ಕೂಡಲೇ, ಲೆಕ್ಕ ಮಾಡಿ ನೋಡಿದ ಮಾದರಿಗಳಲ್ಲಿ, ಗುರುತ್ವವನ್ನು ಹೊರುವ ಗ್ರಾವಿಟಾನಿಗೆ ದ್ರವ್ಯರಾಶಿ ಬಂದುಬಿಡುತ್ತದೆ. ನಮ್ಮ ಜಗತ್ತಿನ ಗುರುತ್ವ ಹಾಗಿಲ್ಲ, ಅದು ದೂರಗಾಮಿ, ಎಷ್ಟು ದೂರಕ್ಕೂ ತಲುಪುವಂಥದ್ದು. ಕಾರ್ಚ್, ರ್‍ಯಾಂಡಲ್ ಮೊದಲಾದವರೊಂದಿಗೆ ಸೇರಿ 2021ರಲ್ಲಿ ಅವರು ಬರೆದ ಪ್ರಬಂಧದ ವಾದವೆಂದರೆ, ದೂರಗಾಮಿ ಗುರುತ್ವವಿರುವಲ್ಲಿ ದ್ವೀಪದೊಳಗಿನ ಶಕ್ತಿಯನ್ನು ಹೊರಗಿನಿಂದಲೇ ಅಳೆಯಬಹುದಾದ್ದರಿಂದ ಆ ಪ್ರದೇಶವನ್ನು ಉಳಿದದ್ದರಿಂದ ಸ್ವತಂತ್ರವೆಂದು ಬೇರ್ಪಡಿಸಲು ಬರುವುದಿಲ್ಲ.

ಇದನ್ನು ಹೀಗೆ ನೋಡಿ. ಮುಚ್ಚಿದ ಡಬ್ಬಿಯೊಳಗಿನ ವಿದ್ಯುದಾವೇಶವನ್ನು ಧನ ಮತ್ತು ಋಣ ಆವೇಶಗಳಿಂದ ಸರಿದೂಗಿಸಿ ಹೊರಗಿನವರಿಗೆ ಕಾಣದಂತೆ ಮಾಡಬಹುದು. ದ್ರವ್ಯರಾಶಿಯನ್ನು ಹಾಗೆ ಮುಚ್ಚಿಡಲಾಗದು, ಏಕೆಂದರೆ ಋಣ ದ್ರವ್ಯರಾಶಿ ಇಲ್ಲ. ಹಳೆಯ ಸಾಪೇಕ್ಷತಾ ಸಿದ್ಧಾಂತದಲ್ಲಿ ಇದರಿಂದ ಒಟ್ಟು ತೂಕ ತಿಳಿಯುತ್ತದೆಯೇ ಹೊರತು ಒಳಗಿನ ವಿವರ ತಿಳಿಯುವುದಿಲ್ಲ. ಒಳಗೆ ಗೋಳಾಕಾರದ ಚಿಪ್ಪುಗಳನ್ನು ಹೇಗೆ ಜೋಡಿಸಿದರೂ ಹೊರಗಿನ ಕ್ಷೇತ್ರ ಒಂದೇ. ಕ್ವಾಂಟಂ ಗುರುತ್ವದಲ್ಲಿ ಮಾತ್ರ, ಬಹುದೂರದಲ್ಲಿ ಅಳೆದ ಶಕ್ತಿ ಮತ್ತು ಇತರ ಕ್ಷೇತ್ರಗಳ ನಡುವಣ ಅತಿಸೂಕ್ಷ್ಮ ಸಂಬಂಧಗಳನ್ನು ನೋಡಿದರೆ ಒಳಗಿನ ಪೂರ್ತಿ ಸ್ಥಿತಿಯನ್ನು ಗುರುತಿಸಬಹುದೆಂದು ಲದ್ಧಾ, ಪ್ರಭು, ರಾಜು ಮತ್ತು ಶ್ರೀವಾಸ್ತವ 2020ರಲ್ಲಿ ವಾದಿಸಿದರು. ಆಗ ಪತ್ರಿಕೆಯ ಸುದ್ದಿ ಒಳಗೆ ಹೋಗಿ ಹೊರಗೆ ಬರುವ ಪ್ರಶ್ನೆಯೇ ಇಲ್ಲ. ಅದು ಯಾವಾಗಲೂ ಹೊರಗೆ ಲಭ್ಯವಿತ್ತು. ಒಳಗು ಹೊರಗು ಎಂಬ ಎರಡು ಪೆಟ್ಟಿಗೆಗಳಿವೆ ಎಂದು ನಾವು ಆರಂಭದಲ್ಲಿಯೇ ಒಪ್ಪಿಕೊಂಡದ್ದು ತಪ್ಪು.

ತಂತುವಾದ್ಯ:
ಹಾಗಾದರೆ ಪೇಜ್ ರೇಖೆ ಏರುವುದೂ ಇಲ್ಲ ಇಳಿಯುವುದೂ ಇಲ್ಲ ಎಂದಾಯಿತು. ಗುರುತ್ವದ ಅತಿಸೂಕ್ಷ್ಮ ಸಂಬಂಧಗಳನ್ನು ಬದಿಗಿಟ್ಟು, ನಿಜವಾದ ಉಪಕರಣಗಳು ಹಿಡಿಯುವ ವಿಕಿರಣವನ್ನು ಮಾತ್ರ ಎಣಿಸಿದರೆ ಗುಡ್ಡದ ಆಕಾರದ ಗೆರೆ ಬರಲೇಬೇಕು, ಆ ಗೆರೆಗೆ ದ್ವೀಪವೇ ಬೇಕು ಎಂದು ನಾನು ಹೇಳುತ್ತೇನೆ. ಗ್ರಾವಿಟಾನಿನ ಆಕ್ಷೇಪ ಆ ಮಾದರಿಗಳ ಮಿತಿಯನ್ನು ಹೇಳುತ್ತದೆ, ವಿಚಾರದ ಮಿತಿಯನ್ನಲ್ಲ.

ದಿಗಂತ:
ಪ್ರಶ್ನೆಯನ್ನು ಬದಲಿಸಿಕೊಂಡರೆ ಉತ್ತರವೂ ಬದಲಾಗುತ್ತದೆ ಎಂಬುದನ್ನಂತೂ ನಾವಿಬ್ಬರೂ ಒಪ್ಪಿದಂತಾಯಿತು.

ಸಂದೇಹಿ:
ಇಷ್ಟು ಹೊತ್ತು ಮೌನವಾಗಿ ಓದಿದೆ. ಯಾವ ಕಪ್ಪುಕುಳಿಯ ಹಾಕಿಂಗ್ ವಿಕಿರಣವನ್ನೂ ಯಾರೂ ಅಳೆದಿಲ್ಲ, ನೀವೇ ಕೊಟ್ಟ ಉಷ್ಣತೆಯ ಅಂಕಿ ನೋಡಿದರೆ ಅಳೆಯುವಂತೆಯೂ ಇಲ್ಲ. 2022ರ ಕೊನೆಯಲ್ಲಿ ಗೂಗಲ್‌ನ ಸಿಕಾಮೋರ್ ಕ್ವಾಂಟಂ ಕಂಪ್ಯೂಟರಿನಲ್ಲಿ ವರ್ಮ್‌ಹೋಲ್, ಅಂದರೆ ಜಾಗದ ಎರಡು ಕಡೆಗಳನ್ನು ಬೆಸೆಯುವ ಸುರಂಗ, ಸೃಷ್ಟಿಯಾಯಿತೆಂದು ಸುದ್ದಿಯಾಯಿತು. ವಿಚಾರಿಸಿದರೆ ಅದು ಒಂಬತ್ತು ಕ್ಯೂಬಿಟ್‌ಗಳ ಒಂದು ಲೆಕ್ಕ, ಅದು ನಿಜಕ್ಕೂ ಗುರುತ್ವದ ಲಕ್ಷಣವನ್ನು ತೋರುತ್ತದೆಯೇ ಎಂದು ಮರುವರ್ಷವೇ ಬೇರೆ ಭೌತವಿಜ್ಞಾನಿಗಳು ಪ್ರಶ್ನಿಸಿದರು. ದ್ವೀಪ, ಗೋಡೆ, ತೊಟ್ಟಿ ಎಂಬ ಮಾತುಗಳನ್ನು ಕೇಳಿದ ಹದಿನಾರರ ಹುಡುಗಿಗೆ ಇದು ಭೌತವಿಜ್ಞಾನವೆಂದು ಹೇಗೆ ಹೇಳುವಿರಿ?

ನಿವೃತ್ತ ಮೇಷ್ಟ್ರು:
ನಿಮ್ಮ ಸಂದೇಹಕ್ಕೆ ಬೆಲೆಯಿದೆ, ಆದರೆ ನಡುವೆ ಒಂದು ನೆಲವಿದೆ. ಕಪ್ಪುಕುಳಿಯನ್ನು ತಟ್ಟಿದರೆ ಅದು ಗಂಟೆಯಂತೆ ಮಿಡಿದು ಕ್ರಮೇಣ ತಣ್ಣಗಾಗಬೇಕೆಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ನಮ್ಮ ಸಿ. ವಿ. ವಿಶ್ವೇಶ್ವರ, ಕನ್ನಡದ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ, ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರು. ಆಗ ಅದೂ ಕಾಗದದ ಮೇಲಿನ ಮಾತಾಗಿತ್ತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಮೊದಲ ಗುರುತ್ವ ಅಲೆಯನ್ನು ಹಿಡಿದಾಗ ಅದರ ಬಾಲದಲ್ಲಿ ಆ ಮಿಡಿತದ ಗುರುತಿತ್ತು. ವಿಶ್ವೇಶ್ವರ ಅವರು ತೀರಿಕೊಂಡದ್ದು 2017ರ ಜನವರಿಯಲ್ಲಿ. ಆ ಸುದ್ದಿಯನ್ನು ಕೇಳಿಯೇ ಹೋದರು ಎಂಬುದು ನಮಗೊಂದು ಸಮಾಧಾನ.

ಅದೇ ಮಿಡಿತದಿಂದ ವಿಸ್ತೀರ್ಣದ ನಿಯಮವನ್ನೂ ಪರೀಕ್ಷಿಸಿದ್ದಾರೆ. 2025ರ ಜನವರಿ 14ರಂದು ದಾಖಲಾದ ಘಟನೆಯಲ್ಲಿ, ಸೂರ್ಯನ ಸುಮಾರು 30 ಪಟ್ಟಿಗಿಂತ ಸ್ವಲ್ಪ ಹೆಚ್ಚು ದ್ರವ್ಯರಾಶಿಯ ಎರಡು ಕುಳಿಗಳು ಸೇರಿದವು. ಸೇರುವ ಮೊದಲು ಎರಡರ ದಿಗಂತಗಳ ಒಟ್ಟು ವಿಸ್ತೀರ್ಣ ಸುಮಾರು 2,40,000 ಚದರ ಕಿಲೋಮೀಟರ್, ಸೇರಿದ ಮೇಲೆ ಸುಮಾರು 4,00,000. ನಮ್ಮ ರಾಜ್ಯದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್ ಎಂದು ಸಮಾಜದ ಪಾಠದಲ್ಲಿ ಓದಿದ ಮಕ್ಕಳಿಗೆ ಈ ಅಳತೆ ಕೈಗೆಟುಕುತ್ತದೆ. ದ್ರವ್ಯರಾಶಿಯಲ್ಲಿ ಒಂದಿಷ್ಟು ಅಲೆಯಾಗಿ ಹೊರಟುಹೋದರೂ ವಿಸ್ತೀರ್ಣ ಕುಗ್ಗಲಿಲ್ಲ. ಇದು ಹಾಕಿಂಗ್ 1971ರಲ್ಲಿ ಹೇಳಿದ ನಿಯಮ. ಬೆಕೆನ್‌ಸ್ಟೈನ್ ಎಂಟ್ರೊಪಿಯನ್ನು ಕಂಡದ್ದು ಇದರಲ್ಲಿಯೇ. ಮಾಹಿತಿಯ ಪ್ರಶ್ನೆಗೆ ಇದು ಉತ್ತರವಲ್ಲ, ನಿಜ.

ಇನ್ನೊಂದು ಪ್ರಯತ್ನ ಮೇಜಿನ ಮೇಲೆ ನಡೆಯಬೇಕಾದದ್ದು. ತಲಾ 10ರ ಋಣ 14ನೆಯ ಘಾತ ಕಿಲೋಗ್ರಾಂ ತೂಕದ ಎರಡು ಹರಳುಗಳನ್ನು ಪ್ರತಿಯೊಂದೂ ಎರಡು ಕಡೆ ಏಕಕಾಲಕ್ಕೆ ಇರುವ ಸ್ಥಿತಿಯಲ್ಲಿಟ್ಟು, ಅವುಗಳ ನಡುವೆ ಗುರುತ್ವವೊಂದನ್ನೇ ಬಿಟ್ಟರೆ ಅವು ಹೆಣೆದುಕೊಳ್ಳುತ್ತವೆಯೇ ಎಂದು ನೋಡಬೇಕೆಂದು 2017ರಲ್ಲಿ ಸೌಗತ ಬೋಸ್ ಮತ್ತು ಸಂಗಡಿಗರು, ಅವರಿಂದ ಬೇರೆಯಾಗಿ ಮಾರ್ಲೆಟ್ಟೊ ಮತ್ತು ವೆದ್ರಲ್ ಸೂಚಿಸಿದರು. ಹೆಣೆದುಕೊಂಡರೆ ಗುರುತ್ವಕ್ಕೂ ಕ್ವಾಂಟಂ ಸ್ವಭಾವವಿದೆ ಎಂದು ಅವರ ವಾದ. ಇನ್ನೂ ಯಾರಿಂದಲೂ ಮಾಡಲಾಗಿಲ್ಲ, ಆದರೆ ಮಾಡಲಾಗದಂಥದ್ದಲ್ಲ.

ಸಂದೇಹಿ:
ಹರಳಿನ ಪ್ರಯೋಗಕ್ಕೆ ನನ್ನ ಒಪ್ಪಿಗೆಯಿದೆ. ದ್ವೀಪಕ್ಕೆ ಇಲ್ಲ.

ಹಾಸನದ ಉಪನ್ಯಾಸಕ:
ಸೋಮವಾರ ತರಗತಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ಹತ್ತು ಪುಟಗಳ ಪುಸ್ತಕವನ್ನೂ ಎರಡು ಗೆರೆಗಳನ್ನೂ ಬೋರ್ಡಿನ ಮೇಲೆ ಹಾಕಿದೆ. ದ್ವೀಪವನ್ನೂ ಬೆಂಗಳೂರಿನ ಆಕ್ಷೇಪವನ್ನೂ ಹೇಳಿ, ಇಬ್ಬರೂ ಇನ್ನೂ ವಾದಿಸುತ್ತಿದ್ದಾರೆ ಎಂದೆ. ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. "ಅರ್ಧ ಆವಿಯಾದ ಮೇಲೆ ಪೇಪರನ್ನು ಎಸೆದರೆ ಸುದ್ದಿ ಬರುವುದಕ್ಕೆ ಎಷ್ಟು ಹೊತ್ತು?" ಎಂದಳು. ನಾನು ಕೋಟಿ ಕೋಟಿ ವರ್ಷ ಎಂದುಬಿಟ್ಟೆ.

ಲೆಕ್ಕಿಗ:
ಉಪನ್ಯಾಸಕರೇ, ಅಲ್ಲಿ ಎಡವಿದಿರಿ. 2007ರಲ್ಲಿ ಹೇಡನ್ ಮತ್ತು ಪ್ರೆಸ್ಕಿಲ್ ಕೇಳಿದ್ದು ಇದೇ ಪ್ರಶ್ನೆ. ಅರ್ಧ ದಾಟಿದ ಕುಳಿಯ ಹಿಂದಿನ ವಿಕಿರಣವೆಲ್ಲ ನಿಮ್ಮ ಬಳಿ ಇದ್ದು, ಒಳಗಿನ ಚಲನೆಯ ನಿಯಮವೂ ಗೊತ್ತಿದ್ದರೆ, ಕುಳಿಯು ಹೊಸದಾಗಿ ಬಿದ್ದದ್ದನ್ನು ತನ್ನೊಳಗೆ ಕಲಸಿಕೊಳ್ಳುವವರೆಗೆ ಕಾದು, ಆ ಮೇಲೆ ಪತ್ರಿಕೆಯಲ್ಲಿದ್ದ ಬಿಟ್‌ಗಳಿಗಿಂತ ಸ್ವಲ್ಪವೇ ಹೆಚ್ಚು ಬಿಟ್‌ಗಳಷ್ಟು ವಿಕಿರಣವನ್ನು ಹಿಡಿದರೆ ಸಾಕು. ಸೂರ್ಯನಷ್ಟು ದ್ರವ್ಯರಾಶಿಯ ಕುಳಿಗೆ ಕಲಸುವ ಕಾಲ ಸೂತ್ರದಿಂದ ಬರುವುದು ಕೆಲವೇ ಮಿಲಿಸೆಕೆಂಡುಗಳು. ಎಳೆಯ ಕುಳಿ ಸುದ್ದಿಯನ್ನು ಬಚ್ಚಿಟ್ಟುಕೊಳ್ಳುತ್ತದೆ, ಮುದಿ ಕುಳಿ ಕನ್ನಡಿಯಂತೆ ಮರಳಿಸುತ್ತದೆ. ಗುರುವಾರದ ತರಗತಿಯಲ್ಲಿ ತಿದ್ದಿ ಹೇಳಿ. ಅವಳು ಮುಂದೆ ಕೇಳುವುದನ್ನು ಇಲ್ಲಿಯೇ ಬರೆಯಿರಿ.